ಅಪರೂಪದ ಬರ್ಬನ್ ಸರಿಯಾದ ಬೆಲೆಗೆ ಸಿಗುತ್ತಾ?

ಅಮೆರಿಕದಲ್ಲಿರುವ ಕನ್ನಡದವರು ಸೇರಿದ ಕಡೆ ಬರ್ಬನ್, ಅಂದರೆ ಮುಖ್ಯವಾಗಿ ಮುಸುಕಿನ ಜೋಳದಿಂದ ಮಾಡುವ ಅಮೆರಿಕದ ವಿಸ್ಕಿಯ, ಮಾತು ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಬ್ಲಾಂಟನ್ಸ್ ಬರ್ಬನ್‌ಗೆ ಕಂಪನಿ ಬೆಲೆ ಎಪ್ಪತ್ತು ಡಾಲರ್ ಆಸುಪಾಸು ಅಂತಾರೆ. ನಮ್ಮನೆ ಹತ್ರದ ಅಂಗಡಿಯವನು ನೂರೈವತ್ತು ಹಾಕಿದ್ದಾನೆ. ಇದು ಮೋಸ ಅಲ್ವಾ? ಸರಿಯಾದ ಬೆಲೆಗೆ ಎಲ್ಲಿ ಸಿಗುತ್ತೆ?"

ಮೋಸ ಅಲ್ಲ. ಸರಿಯಾದ ಬೆಲೆಗೆ ಸಿಗುವುದೂ ಉಂಟು. ಅದಕ್ಕೆ ಬಾಟಲಿಯ ಹಿಂದೆ ಅಲೆಯುವುದನ್ನು ಬಿಟ್ಟು, ಬೆಲೆ ಏರಿಸಲು ಆಗದ ಅಥವಾ ಏರಿಸುವ ಗರಜಿಲ್ಲದ ಮಾರಾಟಗಾರ ಎಲ್ಲಿದ್ದಾನೆ ಎಂದು ನೋಡಬೇಕು.

ನಮ್ಮ ಗೊಂದಲದ ಮೂಲ ಎಂಆರ್‌ಪಿ. ಕರ್ನಾಟಕದಲ್ಲಿ ಎಂಎಸ್‌ಐಎಲ್ ಮಳಿಗೆಗೆ ಹೋದರೆ ಬಾಟಲಿ ಮೇಲೆ ಅಚ್ಚಾದ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಜಗಳ ಮಾಡುವ ಹಕ್ಕು ನಮಗಿದೆ. ಅಮೆರಿಕದಲ್ಲಿ ತಯಾರಕರು ಹೇಳುವುದು ಸಲಹೆಯ ಬೆಲೆ ಮಾತ್ರ. ಪಾನನಿಷೇಧ 1933ರಲ್ಲಿ ರದ್ದಾದ ಮೇಲೆ ಅಲ್ಲಿ ಮೂರು ಹಂತದ ವ್ಯವಸ್ಥೆ ಬಂತು: ಭಟ್ಟಿಯವನು ಡಿಸ್ಟ್ರಿಬ್ಯೂಟರ್‌ಗೆ ಮಾರಬೇಕು, ಡಿಸ್ಟ್ರಿಬ್ಯೂಟರ್ ಅಂಗಡಿಗೆ, ಅಂಗಡಿಯವನು ನಮಗೆ. ಟೆಕ್ಸಸ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಆ ಕೊನೆಯ ಬೆಲೆ ಅಂಗಡಿಯವನ ಇಷ್ಟ. ಅವನ ಕೈಗೆ ಬರುವುದು ಒಂದೋ ಎರಡೋ ಪೆಟ್ಟಿಗೆ, ಕೇಳುವವರು ನೂರು ಜನ. ನೂರೈವತ್ತು ಹಾಕಿದರೆ ಕಾನೂನು ಏನೂ ಅನ್ನುವುದಿಲ್ಲ.

ಮಾಲು ಕಡಿಮೆ ಏಕೆ ಎಂಬುದಕ್ಕೆ ಉತ್ತರ ವಯಸ್ಸಿನಲ್ಲಿದೆ. ಈ ವರ್ಷ ಬಾಟಲಿಗಿಳಿಯುವ 12 ವರ್ಷದ ವೆಲ್ಲರ್ ಬರ್ಬನ್ ಪೀಪಾಯಿಗೆ ಬಿದ್ದದ್ದು ಕನಿಷ್ಠ 12 ವರ್ಷದ ಹಿಂದೆ. ಇಂದಿನ ಬೇಡಿಕೆ ನೋಡಿ ಅದನ್ನು ಹೆಚ್ಚಿಸಲು ಬರುವುದಿಲ್ಲ. 53 ಗ್ಯಾಲನ್ನಿನ, ಅಂದರೆ ಸುಮಾರು 200 ಲೀಟರಿನ ಪೀಪಾಯಿಯಿಂದ ವರ್ಷವರ್ಷವೂ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಹದಿನೈದು ಇಪ್ಪತ್ತು ವರ್ಷದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೋಗಿರುವುದು ಸಾಮಾನ್ಯ. ಇದೇ ಹೊತ್ತಿಗೆ ಬರ್ಬನ್ನಿನ ತವರಾದ ಕೆಂಟಕಿ ರಾಜ್ಯದ ಗೋದಾಮುಗಳಲ್ಲಿ 1.4 ಕೋಟಿಗೂ ಹೆಚ್ಚು ಪೀಪಾಯಿಗಳು ಕೂತಿವೆ, ಹೆಚ್ಚಿನವು ಎಳೆಯವು. ಕಾಳಸಂತೆಯ ಬೆಲೆಗಳು 2021–22ರ ಉತ್ತುಂಗದಿಂದ ಇಳಿದಿವೆ. ಹಾಗಾಗಿ "ಈಗ ಬಿಟ್ಟರೆ ಮುಂದೆ ಸಿಗಲ್ಲ" ಎನ್ನುವ ಅಂಗಡಿಯವನ ಮಾತನ್ನು ನಂಬುವ ಅಗತ್ಯವಿಲ್ಲ.

ಮೊದಲು ನೋಡಬೇಕಾದದ್ದು ಸರ್ಕಾರವೇ ಮದ್ಯದ ವ್ಯಾಪಾರ ಹಿಡಿದಿರುವ ರಾಜ್ಯಗಳು. ಇಂಥವು 17, ಜೊತೆಗೆ ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿ. ನಮ್ಮ ಕರ್ನಾಟಕ ಸರ್ಕಾರದ ಕೆಎಸ್‌ಬಿಸಿಎಲ್ ಮದ್ಯದ ಸಗಟು ಮಾತ್ರ ನೋಡಿಕೊಳ್ಳುತ್ತದೆ, ತಮಿಳುನಾಡಿನ ಟಾಸ್ಮ್ಯಾಕ್ ಚಿಲ್ಲರೆಯನ್ನೂ ಮಾಡುತ್ತದೆ. ಪೆನ್ಸಿಲ್ವೇನಿಯಾ, ವರ್ಜೀನಿಯಾಗಳು ಟಾಸ್ಮ್ಯಾಕ್ ದಾರಿಯವು: ಅಂಗಡಿ ಸರ್ಕಾರದ್ದೇ. ನಾರ್ತ್ ಕ್ಯಾರೊಲಿನಾದಲ್ಲಿ ಅಂಗಡಿ ನಡೆಸುವುದು ಸ್ಥಳೀಯ ಮಂಡಳಿಗಳು, ಆದರೆ ಬೆಲೆ ರಾಜ್ಯಕ್ಕೆಲ್ಲ ಒಂದೇ. ಒಹಾಯೊದಲ್ಲಿ ಖಾಸಗಿಯವರು ಏಜೆಂಟರಾಗಿ ಮಾರುತ್ತಾರೆ, ಬೆಲೆ ಸರ್ಕಾರದ್ದು. ಇಲ್ಲೆಲ್ಲ ಬ್ಲಾಂಟನ್ಸ್ ಆಗಲಿ ಪ್ಯಾಪಿ ವ್ಯಾನ್ ವಿಂಕಲ್ ಆಗಲಿ, ಸಿಕ್ಕರೆ ನಿಗದಿಯಾದ ಬೆಲೆಗೇ. ಸಿಗುವುದು ಮಾತ್ರ ಅದೃಷ್ಟ, ಏಕೆಂದರೆ ತೀರಾ ಅಪರೂಪದವು ಲಾಟರಿಗೆ ಹೋಗುತ್ತವೆ.

ಲಾಟರಿಯಲ್ಲಿ ಅದೃಷ್ಟವಿದ್ದೂ ಕಾಗದಪತ್ರದಿಂದ ಎಡವುವವರಿದ್ದಾರೆ. ಸಾಮಾನ್ಯವಾಗಿ ಆ ರಾಜ್ಯದ ನಿವಾಸಿಗೆ ಮಾತ್ರ ಅವಕಾಶ. ಮನೆ ಬದಲಿಸಿ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಹಳೇ ವಿಳಾಸ ಬಿಟ್ಟಿದ್ದರೆ ಗೆದ್ದ ಬಾಟಲಿ ಕೌಂಟರಿನಲ್ಲೇ ಉಳಿಯುತ್ತದೆ. ಖಾತೆಯನ್ನು ಲಾಟರಿ ಘೋಷಣೆಗೆ ಕಾಯದೆ ಮುಂಚೆಯೇ ತೆರೆದು, ಇಮೇಲ್ ಸೂಚನೆ ಹಾಕಿಸಿಕೊಳ್ಳಿ. ನೋಂದಣಿ ಅವಧಿ ಕೆಲವೇ ದಿನ ಇರುತ್ತದೆ. ಗೆದ್ದವರು ಗಡುವಿನೊಳಗೆ ಒಯ್ಯದಿದ್ದರೆ ಅವಕಾಶ ಮುಂದಿನವರ ಪಾಲು. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಹಾಕಬಹುದೇ, ಮನೆಗೊಂದೇ ಅರ್ಜಿಯೇ ಎಂಬುದನ್ನು ನಿಯಮದಲ್ಲಿ ಓದಿಕೊಳ್ಳಿ, ಎರಡು ಬಿದ್ದರೆ ಎರಡೂ ರದ್ದಾಗಬಹುದು. ಒಂದೇ ಬಾಟಲಿ ಆರಿಸಬೇಕಾದ ಲಾಟರಿಯಲ್ಲಿ ಎಲ್ಲರೂ ಪ್ಯಾಪಿಗೇ ಮುಗಿಬೀಳುತ್ತಾರೆ. ಬಫೆಲೊ ಟ್ರೇಸ್ ಭಟ್ಟಿ ವರ್ಷಕ್ಕೊಮ್ಮೆ ಬಿಡುವ ಆಂಟೀಕ್ ಕಲೆಕ್ಷನ್‌ನಲ್ಲಿ ಥಾಮಸ್ ಹ್ಯಾಂಡಿ ರೈಗೆ (ರೈ ಎಂಬ ಧಾನ್ಯದ ವಿಸ್ಕಿ) ಬೀಳುವ ಅರ್ಜಿ ವಿಲಿಯಂ ಲರೂ ವೆಲ್ಲರ್‌ಗಿಂತ ಕಡಿಮೆ. ರೈ ಇಷ್ಟವಾಗುವವರು ಅಲ್ಲಿಗೇ ಹಾಕುವುದು ಜಾಣತನ.

ಸರ್ಕಾರಿ ವ್ಯವಸ್ಥೆ ಶುದ್ಧ ಅಂತೇನೂ ಅಲ್ಲ. 2023ರಲ್ಲಿ ಆರೆಗನ್ ರಾಜ್ಯದ ಮದ್ಯ ಆಯೋಗದ ಹಿರಿಯ ಅಧಿಕಾರಿಗಳೇ ಅಪರೂಪದ ಬಾಟಲಿಗಳನ್ನು ತಮಗಾಗಿ ಬೇರೆ ಅಂಗಡಿಗಳಿಗೆ ತಿರುಗಿಸಿಕೊಂಡದ್ದು ಬಯಲಾಗಿ ದೊಡ್ಡ ಗದ್ದಲವಾಯಿತು. ವರ್ಜೀನಿಯಾದಲ್ಲಿ ಯಾವ ಮಳಿಗೆಗೆ ಯಾವ ಮಾಲು ಹೋಗುತ್ತಿದೆ ಎಂಬ ಒಳಗಿನ ಮಾಹಿತಿಯನ್ನು ಮಾರಿಕೊಂಡ ಪ್ರಕರಣ ಕೋರ್ಟಿಗೇ ಹೋಯಿತು. ಅಂಥ ಪಟ್ಟಿ ಯಾರಾದರೂ ದುಡ್ಡಿಗೆ ಕೊಡುತ್ತೇನೆಂದರೆ ದೂರ ಇರಿ.

ಖಾಸಗಿ ರಾಜ್ಯದಲ್ಲಿರುವವರಿಗೂ ಈ ಸರ್ಕಾರಿ ರಾಜ್ಯಗಳಿಂದ ಒಂದು ಉಪಕಾರವಿದೆ. ನಾರ್ತ್ ಕ್ಯಾರೊಲಿನಾ, ವರ್ಜೀನಿಯಾಗಳ ಬೆಲೆಪಟ್ಟಿ ಯಾರು ಬೇಕಾದರೂ ನೋಡಬಹುದು. ಅಲ್ಲಿನ ಬೆಲೆಯೇ ಲಾಭ ಸೇರಿದ ನ್ಯಾಯವಾದ ಚಿಲ್ಲರೆ ಬೆಲೆಗೆ ಹತ್ತಿರದ್ದು. ಡಲ್ಲಾಸಿನ ಅಂಗಡಿಯಲ್ಲಿ ನಿಂತು ಫೋನಿನಲ್ಲಿ ಆ ಪಟ್ಟಿ ತೆರೆಯಿರಿ. ಅದಕ್ಕಿಂತ ಶೇ. 15–20 ಹೆಚ್ಚಿದ್ದರೆ ಬಾಡಿಗೆ, ಸಂಬಳ ಎಂದು ಒಪ್ಪಿಕೊಳ್ಳಬಹುದು. ಎರಡು ಪಟ್ಟಾದರೆ ನಮಸ್ಕಾರ ಹೇಳಿ ಹೊರಡುವುದು.

ಖಾಸಗಿ ಅಂಗಡಿಗೆ ಈ ಬಾಟಲಿಗಳು ಬರುವ ರೀತಿ ತಿಳಿದರೆ ಹೇಗೆ ನಡೆದುಕೊಳ್ಳಬೇಕೆಂಬುದೂ ತಿಳಿಯುತ್ತದೆ. ಡಿಸ್ಟ್ರಿಬ್ಯೂಟರ್ ಹಂಚುವಾಗ ನೋಡುವುದು ಆ ಅಂಗಡಿ ತನ್ನ ಉಳಿದ ಮಾಲನ್ನು ಎಷ್ಟು ತೆಗೆಯುತ್ತದೆ ಎಂದು. ಬ್ಲಾಂಟನ್ಸ್, ವೆಲ್ಲರ್, ಈಗಲ್ ರೇರ್, ಇ.ಎಚ್. ಟೇಲರ್ ಎಲ್ಲವೂ ಸ್ಯಾಜರ್ಯಾಕ್ ಕಂಪನಿಯ ಬಫೆಲೊ ಟ್ರೇಸ್ ಭಟ್ಟಿಯವು. ದಾಲ್ಚಿನ್ನಿ ರುಚಿಯ ಅಗ್ಗದ ಫೈರ್‌ಬಾಲ್ ಕೂಡ ಅದೇ ಕಂಪನಿಯದು. ಕಾಲೇಜು ಹುಡುಗರಿಗೆ ಫೈರ್‌ಬಾಲ್ ಪೆಟ್ಟಿಗೆಗಟ್ಟಲೆ ಮಾರುವ, ನೋಡಲು ಏನೂ ಇಲ್ಲದ ಅಂಗಡಿಗೆ ಒಳ್ಳೆಯ ಪಾಲು ಬಂದಿರುತ್ತದೆ. ಗಾಜಿನ ಬೀರುವಿನಲ್ಲಿ ದೀಪ ಹಾಕಿ ಪ್ಯಾಪಿ ಜೋಡಿಸಿಟ್ಟ ಅಂಗಡಿಯಲ್ಲಿ ನ್ಯಾಯದ ಬೆಲೆ ಹುಡುಕುವುದು ದಂಡ.

ಹಾಗೆ ಬಂದ ಪೆಟ್ಟಿಗೆ ಶೆಲ್ಫಿಗೆ ಬರುವುದೇ ಇಲ್ಲ. ಗಿರಾಕಿಗಳಿಗೆಂದು ಹಿಂದಿನ ಕೋಣೆಯಲ್ಲಿ ಉಳಿಯುತ್ತದೆ. ಫೋನ್ ಮಾಡಿ "ಬ್ಲಾಂಟನ್ಸ್ ಇದೆಯಾ?" ಎಂದು ಕೇಳಿದರೆ ದಿನಕ್ಕೆ ಹತ್ತು ಸಲ ಅದನ್ನೇ ಕೇಳಿಸಿಕೊಂಡವನು ಇಲ್ಲ ಎಂದೇ ಹೇಳುತ್ತಾನೆ. ಮನೆಗೆ ಬೇಕಾದ ಬಿಯರ್, ವೈನ್, ದಿನದ ವಿಸ್ಕಿ ಎಲ್ಲವನ್ನೂ ಎರಡೇ ಅಂಗಡಿಯಲ್ಲಿ ಕೊಳ್ಳಿ, ಆರಕ್ಕೆ ಹಂಚಬೇಡಿ. ಪಾಯಿಂಟಿನ ವ್ಯವಸ್ಥೆಯಿದ್ದರೆ ಪ್ರತಿ ಬಿಲ್ಲಿಗೂ ನಂಬರ್ ಕೊಡಿ. ಕೆಲವು ಸರಣಿ ಅಂಗಡಿಗಳು ವರ್ಷದ ಖರೀದಿ ನೋಡಿಯೇ ಅಪರೂಪದ ಬಾಟಲಿ ಯಾರಿಗೆಂದು ತೀರ್ಮಾನಿಸುತ್ತವೆ. ಡೆಲಿವರಿ ಲಾರಿ ಯಾವ ವಾರ ಬರುತ್ತದೆ ಎಂದು ತಿಳಿದುಕೊಂಡು ಆ ಮಧ್ಯಾಹ್ನ ಹೋಗಿ. ಬಾಟಲಿಯ ಹೆಸರು ಹಿಡಿದು ಕೇಳುವ ಬದಲು "ನಿಮ್ಮದೇ ಸಿಂಗಲ್ ಬ್ಯಾರಲ್ ಯಾವುದಾದರೂ ಬಂದಿದೆಯಾ?" ಎಂದು ಕೇಳಿ. ಅಂಗಡಿಯವರೇ ರುಚಿ ನೋಡಿ ಇಡೀ ಪೀಪಾಯಿ ಆರಿಸಿ ತಂದ ರಸೆಲ್ಸ್ ರಿಸರ್ವ್, ಫೋರ್ ರೋಸಸ್ ಬಾಟಲಿಗಳು ಮಾಮೂಲಿ ಬೆಲೆಗೆ ಸಿಗುತ್ತವೆ, ಎಷ್ಟೋ ಸಲ ಬ್ಲಾಂಟನ್ಸ್‌ಗಿಂತ ಚೆನ್ನಾಗಿಯೂ ಇರುತ್ತವೆ. ಆರಿಸಿ ತಂದವನಿಗೆ ಆ ಪ್ರಶ್ನೆ ಖುಷಿ ಕೊಡುತ್ತದೆ ಎನ್ನುವುದು ಬೇರೆ ಮಾತು.

ಕಾಸ್ಟ್‌ಕೋ ಮತ್ತು ದೊಡ್ಡ ದಿನಸಿ ಸರಣಿಗಳು ಬೆಲೆ ಏರಿಸುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಅವರ ಲಾಭದ ಲೆಕ್ಕ ಎಲ್ಲ ಮಾಲಿಗೂ ಒಂದೇ. ಬೆಳಿಗ್ಗೆ ಬಾಗಿಲು ತೆರೆಯುವಾಗ ಹೋದವರಿಗೆ ಸಿಗುತ್ತದೆ, ಸಂಜೆ ಹೋದವರಿಗೆ ಇಲ್ಲ.

"ಇದು ಬೇಕಾದರೆ ಆ ಎರಡು ರಮ್ ಕೂಡ ತಗೊಳ್ಳಿ" ಎನ್ನುವವರೂ ಇದ್ದಾರೆ. 70 ಡಾಲರಿನ ಬ್ಲಾಂಟನ್ಸ್ ಜೊತೆ ನಿಮಗೆ ಬೇಡದ 30ರ ಎರಡು ಬಾಟಲಿ ಬಂದರೆ ಬ್ಲಾಂಟನ್ಸ್‌ಗೆ ನೀವು ಕೊಟ್ಟದ್ದು 130. ರಮ್ ನಿಮಗೆ ಬೇಕಿದ್ದರೆ ಮಾತ್ರ ಅದು ವ್ಯಾಪಾರ.

ಇನ್ನು ಭಟ್ಟಿಗೇ ಹೋಗುವುದು. ಕೆಂಟಕಿಯ ಫ್ರಾಂಕ್‌ಫರ್ಟಿನಲ್ಲಿರುವ ಬಫೆಲೊ ಟ್ರೇಸ್ ಭಟ್ಟಿಯ ಅಂಗಡಿಯಲ್ಲಿ ಅಪರೂಪದ ಹೆಸರುಗಳು ಸರದಿಯ ಮೇಲೆ ಮಾರಾಟಕ್ಕೆ ಬರುತ್ತವೆ: ಒಂದು ದಿನ ಬ್ಲಾಂಟನ್ಸ್, ಇನ್ನೊಂದು ದಿನ ಟೇಲರ್ ಅಥವಾ ವೆಲ್ಲರ್. ಗುರುತಿನ ಚೀಟಿ ಸ್ಕ್ಯಾನ್ ಮಾಡುತ್ತಾರೆ; ಒಂದು ಹೆಸರಿನ ಬಾಟಲಿ ತೆಗೆದುಕೊಂಡವರಿಗೆ ಅದೇ ಮತ್ತೆ ಸಿಗುವುದು ನಿಗದಿತ ಅವಧಿ ಕಳೆದ ಮೇಲೆ. ಶನಿವಾರದ ಕ್ಯೂ ತಪ್ಪಿಸಿ ವಾರದ ಮಧ್ಯೆ ಹೋಗಿ, ತೆರೆಯುವ ಮೊದಲೇ ನಿಲ್ಲಿ. ಲೂಯಿವಿಲ್‌ನಿಂದ ಅದು ಒಂದು ಗಂಟೆಯ ದಾರಿ. ಅಲ್ಲಿಂದ ಲಾರೆನ್ಸ್‌ಬರ್ಗ್ ಹತ್ತಿರ, ಫೋರ್ ರೋಸಸ್ ಮತ್ತು ವೈಲ್ಡ್ ಟರ್ಕಿ ಭಟ್ಟಿಗಳೆರಡೂ ಅಲ್ಲೇ. ಹೆವೆನ್ ಹಿಲ್ ಇರುವುದು ಬಾರ್ಡ್ಸ್‌ಟೌನಿನಲ್ಲಿ. ಒಂದು ದಿನಕ್ಕೆ ಎರಡು ಕಡೆ ಸಾಕು, ಕಾರು ಓಡಿಸುವವರು ಸ್ಯಾಂಪಲ್ ಮುಟ್ಟುವ ಹಾಗಿಲ್ಲ. ಒಂದು ಬಾಟಲಿಗಾಗಿಯೇ ವಿಮಾನ ಹತ್ತಿ ಹೋದರೆ ಉಳಿಸಿದ ದುಡ್ಡೆಲ್ಲ ಟಿಕೆಟ್ಟಿಗೆ ಹೋಗುತ್ತದೆ, ಬೇರೆ ಕೆಲಸದ ಜೊತೆ ಸೇರಿಸಿಕೊಳ್ಳಿ.

ಕ್ಯಾಲೆಂಡರ್ ಕೂಡ ಗೊತ್ತಿರಬೇಕು. ನೀರು ಬೆರೆಸದೆ ಬಾಟಲಿಗಿಳಿಸುವ ಎಲೈಜಾ ಕ್ರೇಗ್ ಬ್ಯಾರಲ್ ಪ್ರೂಫ್ ವರ್ಷಕ್ಕೆ ಮೂರು ಸಲ ಬರುತ್ತದೆ: ಜನವರಿ, ಮೇ, ಸೆಪ್ಟೆಂಬರ್. ಲೇಬಲ್ಲಿನ ಮೇಲಿನ ಸಿ923 ಎಂದರೆ ಆ ವರ್ಷದ ಮೂರನೆಯ ಕಂತು, ಒಂಬತ್ತನೇ ತಿಂಗಳು, 2023. ಮೊದಲೆಲ್ಲ ಪ್ರತಿ ಕಂತೂ 12 ವರ್ಷದ್ದು. 2023ರಿಂದ ವಯಸ್ಸು ಬದಲಾಗುತ್ತದೆ. ಆ ಸಿ923 ಕಂತು 13 ವರ್ಷ 7 ತಿಂಗಳಿನದು, ಅದರ ಹಿಂದಿನ ಬಿ523 ಕಂತು 11 ವರ್ಷ 5 ತಿಂಗಳಿನದು. ಬೆಲೆ ಒಂದೇ ಇದ್ದಾಗ ಲೇಬಲ್ ಓದುವವನಿಗೆ ಲಾಭ. ಓಲ್ಡ್ ಫಾರೆಸ್ಟರ್ ಬರ್ತ್‌ಡೇ ಬರ್ಬನ್ ಬರುವುದು ಸಂಸ್ಥಾಪಕರ ಹುಟ್ಟುಹಬ್ಬವಾದ ಸೆಪ್ಟೆಂಬರ್ 2ರ ಹೊತ್ತಿಗೆ. ಆಂಟೀಕ್ ಕಲೆಕ್ಷನ್, ಪ್ಯಾಪಿ ಎರಡೂ ಶರತ್ಕಾಲದವು. ವರ್ಷಪೂರ್ತಿ ಪ್ಯಾಪಿ ವಿಚಾರಿಸುವವರು ಒಂಬತ್ತು ತಿಂಗಳು ಸುಮ್ಮನೆ ಅಂಗಡಿಯವರ ತಲೆ ತಿನ್ನುತ್ತಾರೆ.

ಖಾಸಗಿಯಾಗಿ ಕೈಯಿಂದ ಕೈಗೆ ಕೊಳ್ಳುವುದು ಬೇಡ ಎನ್ನುತ್ತೇನೆ. ಲೈಸೆನ್ಸ್ ಇಲ್ಲದೆ ಮಾರುವುದು ಬಹುತೇಕ ಎಲ್ಲ ಕಡೆ ಅಕ್ರಮ, ಅಂಚೆಯಲ್ಲಿ ಮದ್ಯ ಕಳಿಸುವಂತೆಯೇ ಇಲ್ಲ. ಫೇಸ್‌ಬುಕ್ 2019ರಲ್ಲಿ ಇಂಥ ಗುಂಪುಗಳನ್ನು ಮುಚ್ಚಿಸಿತು. ವ್ಯವಹಾರ ಬೇರೆಡೆಗೆ ಹೋಯಿತು, ನಿಲ್ಲಲಿಲ್ಲ. ಕೆಂಟಕಿಯಲ್ಲಿ 2018ರಿಂದ ಲೈಸೆನ್ಸ್ ಇರುವ ಅಂಗಡಿಗಳು ಜನರಿಂದ ಹಳೆಯ ಬಾಟಲಿ ಕೊಂಡು ಮಾರಬಹುದು. ಅದು ಕಾನೂನುಬದ್ಧ, ಬೆಲೆ ಮಾತ್ರ ನ್ಯಾಯದ್ದಲ್ಲ. ದೊಡ್ಡ ಅಪಾಯ ನಕಲಿ: ಖಾಲಿ ಬಾಟಲಿ ಕೊಂಡು ಅಗ್ಗದ ವಿಸ್ಕಿ ತುಂಬಿ ಮತ್ತೆ ಸೀಲ್ ಮಾಡುವವರಿದ್ದಾರೆ. ಬ್ಲಾಂಟನ್ಸ್ ಲೇಬಲ್ಲಿನ ಮೇಲೆ ಪೀಪಾಯಿ ಖಾಲಿ ಮಾಡಿದ ದಿನಾಂಕವಿರುತ್ತದೆ. ಗಾಜಿನ ಮೇಲಿನ ಲೇಸರ್ ಕೋಡಿನಲ್ಲಿ ಬಾಟಲಿ ತುಂಬಿದ ವರ್ಷ ಮತ್ತು ಆ ವರ್ಷದ ಎಷ್ಟನೇ ದಿನ ಎಂಬುದಿರುತ್ತದೆ. ಕೋಡಿನ ದಿನ ಲೇಬಲ್ಲಿನ ದಿನಕ್ಕಿಂತ ಹಿಂದಿನದಾದರೆ ಗಾಜು ಒಂದು ಬಾಟಲಿಯದು, ಲೇಬಲ್ ಇನ್ನೊಂದರದು. ಮುಚ್ಚಳದ ಮೇಲಿನ ಕುದುರೆ ನೋಡಿ ನಂಬಬೇಡಿ. ಎಂಟು ಭಂಗಿಯ ಆ ಕುದುರೆಗಳನ್ನು ಪೂರ್ತಿ ಸೆಟ್ ಮಾಡಲು ಜನ ಬಿಡಿಬಿಡಿಯಾಗಿ ಮಾರಿಕೊಳ್ಳುತ್ತಾರೆ.

ನಿಜ ಹೇಳಬೇಕೆಂದರೆ ಅರ್ಧದಷ್ಟು ಜನರಿಗೆ ಈ ಬೇಟೆಯೇ ಬೇಕಿಲ್ಲ. ರುಚಿ ಬೇಕಾದವರಿಗೆ ಪಕ್ಕದ ಶೆಲ್ಫಿನಲ್ಲೇ ದಾರಿಯಿದೆ. ವೆಲ್ಲರ್ ಮತ್ತು ಪ್ಯಾಪಿಯ ಮೆದುತನ ಬರುವುದು ಮುಸುಕಿನ ಜೋಳದ ಜೊತೆ ರೈ ಬದಲು ಗೋಧಿ ಹಾಕುವುದರಿಂದ. ಮೇಕರ್ಸ್ ಮಾರ್ಕ್ ಕೂಡ ಹಾಗೆಯೇ ಮಾಡುತ್ತದೆ: ಶೇ. 70 ಜೋಳ, 16 ಗೋಧಿ, 14 ಮೊಳಕೆ ಬಾರ್ಲಿ. ಅದರ ಕಾಸ್ಕ್ ಸ್ಟ್ರೆಂತ್, ಅಂದರೆ ನೀರು ಬೆರೆಸದ, ಬಾಟಲಿ ಎಲ್ಲೆಡೆ ಇದೆ. ವೆಲ್ಲರ್ ಆಂಟೀಕ್‌ಗೆ ನೂರು ಡಾಲರ್ ಕೊಡುವ ಮೊದಲು ಅದನ್ನು ಕುಡಿದು ನೋಡಿ. ಬ್ಲಾಂಟನ್ಸ್ ಆಸೆಪಟ್ಟವರು ಫೋರ್ ರೋಸಸ್ ಸಿಂಗಲ್ ಬ್ಯಾರಲ್ ಅಥವಾ ರಸೆಲ್ಸ್ ರಿಸರ್ವ್ ಸಿಂಗಲ್ ಬ್ಯಾರಲ್ ತೆಗೆದುಕೊಳ್ಳಲಿ. ಎರಡನೆಯದು 110 ಪ್ರೂಫ್, ಬ್ಲಾಂಟನ್ಸ್ 93 (ಪ್ರೂಫ್ ಎಂದರೆ ಮದ್ಯಸಾರದ ಶೇಕಡಾವಾರಿನ ಎರಡು ಪಟ್ಟು). ಖಾರ ಹೆಚ್ಚು, ಕೊಟ್ಟ ದುಡ್ಡಿಗೆ ವಿಸ್ಕಿಯೂ ಹೆಚ್ಚು. ಪ್ರಶಸ್ತಿ ಹಿಂದೆ ಓಡಿದರೆ ಏನಾಗುತ್ತದೆ ಎಂಬುದಕ್ಕೆ ಹೆನ್ರಿ ಮಕೆನ್ನ 10 ಉದಾಹರಣೆ. ಯಾರೂ ತಿರುಗಿ ನೋಡದಿದ್ದ ಬಾಟಲಿ 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಪರ್ಧೆ ಗೆದ್ದದ್ದೇ ಶೆಲ್ಫಿನಿಂದ ಮಾಯವಾಗಿ, ಬೆಲೆ ಏರಿಸಿಕೊಂಡು ವಾಪಸ್ ಬಂತು. ಒಳಗಿನ ವಿಸ್ಕಿ ಮಾತ್ರ ಹಿಂದೆ ಇದ್ದದ್ದೇ.

ಊರಿಗೆ ಒಯ್ಯುವವರಿಗೆ: ಭಾರತ 2025ರ ಫೆಬ್ರವರಿಯಲ್ಲಿ ಬರ್ಬನ್ ಮೇಲಿನ ಸುಂಕವನ್ನು ಶೇ. 150ರಿಂದ 100ಕ್ಕೆ ಇಳಿಸಿದರೂ ಬೆಂಗಳೂರಿನ ಅಂಗಡಿಗಳಲ್ಲಿ ಕಾಣುವುದು ಹೆಚ್ಚಾಗಿ ಜಿಮ್ ಬೀಮ್, ಮೇಕರ್ಸ್ ಮಾರ್ಕ್‌ನಂಥವೇ, ಹಾಗಾಗಿ ಸೂಟ್‌ಕೇಸೇ ಗತಿ. ಸುಂಕವಿಲ್ಲದೆ ತರಬಹುದಾದದ್ದು ತಲೆಗೆ 2 ಲೀಟರ್. 750 ಮಿಲಿಯ ಎರಡು ಬಾಟಲಿ ಸರಿ, ಮೂರನೆಯದು ಇಟ್ಟರೆ ಮಿತಿ ದಾಟುತ್ತದೆ. ಕಾರ್ಕ್ ಮುಚ್ಚಳವಾದ್ದರಿಂದ ಕುತ್ತಿಗೆಗೆ ಟೇಪ್ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಟ್ಟೆಯ ನಡುವೆ ಇಡಿ. ಚೆಕ್-ಇನ್ ಲಗೇಜಿನಲ್ಲೂ ಶೇ. 70ಕ್ಕಿಂತ, ಅಂದರೆ 140 ಪ್ರೂಫ್‌ಗಿಂತ, ಗಡುಸಾದದ್ದನ್ನು ವಿಮಾನದವರು ಬಿಡುವುದಿಲ್ಲ. ಜಾರ್ಜ್ ಟಿ. ಸ್ಟ್ಯಾಗ್‌ನ ಕೆಲವು ವರ್ಷದ ಬಾಟಲಿಗಳು ಆ ಗೆರೆ ದಾಟಿವೆ, ಆದ್ದರಿಂದ ಪ್ಯಾಕ್ ಮಾಡುವ ಮೊದಲು ಲೇಬಲ್ಲಿನ ಪ್ರೂಫ್ ನೋಡಿಕೊಳ್ಳಿ.