ಗದ್ದೆಯ ಪೈಪು, ತೂಬಿನ ಲೆಕ್ಕ

ಮಂಡ್ಯ ಜಿಲ್ಲೆಯ ಭತ್ತದ ರೈತರ ಜೊತೆ ನೀರು ಉಳಿಸುವ ಕೆಲಸ ನನ್ನದು. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬದೆ ಹೋಯಿತಲ್ಲ, ಅದರ ಮರುವರ್ಷ ಈ ಯೋಜನೆಗೆ ಸೇರಿದೆ. ಹೊರದೇಶದ ಸಂಶೋಧನಾ ಕೇಂದ್ರಗಳಲ್ಲಿ ಪರೀಕ್ಷೆ ಮಾಡಿ ಗೆದ್ದ ಪದ್ಧತಿಯನ್ನು ಅರ್ಧ ಎಕರೆ, ಒಂದು ಎಕರೆ ಇರುವವರ ಗದ್ದೆಗೆ ತರುವುದು, ಏನಾಯಿತು ಅಂತ ಬರೆದು ಕಳಿಸುವುದು ನನ್ನ ಜವಾಬ್ದಾರಿ. ಮೊದಲ ಹಂಗಾಮಿನಲ್ಲಿ ನಾನು ಮಾಡಿದ ತಪ್ಪನ್ನು ಬರೆದಿಡಬೇಕು ಅನ್ನಿಸಿದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಅದನ್ನೇ ಮತ್ತೆ ಮಾಡಬಾರದು.

ಪದ್ಧತಿ ಬಂದದ್ದು ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ. 1960ರಲ್ಲಿ ಶುರುವಾದ ಈ ಸಂಸ್ಥೆಯ ಹೆಸರು ನಮ್ಮ ರೈತರಿಗೆ ಗೊತ್ತಿಲ್ಲದಿದ್ದರೂ ಐಆರ್ ಅರವತ್ನಾಲ್ಕು ಗೊತ್ತು. 1985ರಲ್ಲಿ ಅಲ್ಲಿಂದ ಹೊರಬಂದ ತಳಿ ಅದು. ‘ಐಆರ್’ ಅಂದರೆ ಆ ಸಂಸ್ಥೆಯ ಗುರುತು ಅಂತ ಹೇಳಿದಾಗ ಒಬ್ಬ ಹಿರಿಯರು ‘ಓಹೋ, ಹಳೇ ನೆಂಟ್ರೇ ಅನ್ನಿ’ ಅಂದರು. ನನಗೆ ಊರೊಳಗೆ ಬಾಗಿಲು ತೆರೆದದ್ದು ಆ ಮಾತೇ.

ಪದ್ಧತಿ ಸರಳ. ಗದ್ದೆಯಲ್ಲಿ ಸದಾ ನೀರು ನಿಲ್ಲಿಸಬೇಕಾಗಿಲ್ಲ. ಕಟ್ಟುವುದು, ಆರಲು ಬಿಡುವುದು, ಮತ್ತೆ ಕಟ್ಟುವುದು. ಎಷ್ಟು ಆರಬಹುದು ಅಂತ ತಿಳಿಯಲು ಒಂದು ಪೈಪು. ಸುಮಾರು 30 ಸೆಂಟಿಮೀಟರ್ ಉದ್ದದ ಪಿವಿಸಿ ಪೈಪಿನ ಕೆಳಭಾಗಕ್ಕೆ ಸುತ್ತಲೂ ತೂತು ಕೊರೆದು, ಆ ಭಾಗವನ್ನು ಮಣ್ಣಿನಲ್ಲಿ ಹೂಳಿ, ಒಳಗಿನ ಕೆಸರನ್ನು ಬಗೆದು ತೆಗೆಯಬೇಕು. ಆಮೇಲೆ ಬಗ್ಗಿ ನೋಡಿದರೆ ಮಣ್ಣಿನೊಳಗೆ ನೀರು ಎಷ್ಟು ಕೆಳಗಿದೆ ಅಂತ ಕಾಣುತ್ತದೆ. ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವವರೆಗೆ ಪೈರಿನ ಬೇರಿಗೆ ನೀರು ಸಿಗುತ್ತಲೇ ಇರುತ್ತದೆ. ಅಲ್ಲಿಗೆ ಇಳಿದಾಗ ಮತ್ತೆ ನೀರು ಬಿಟ್ಟರೆ ಸಾಕು. ತೆನೆ ಹೊರಡುವ, ಹೂ ಬಿಡುವ ದಿನಗಳಲ್ಲಿ ಮಾತ್ರ ಆರಲು ಬಿಡಬಾರದು, ಗದ್ದೆಯಲ್ಲಿ ನೀರು ನಿಂತಿರಲೇಬೇಕು. ಹೀಗೆ ಮಾಡಿದರೆ ಶೇಕಡಾ 30ರವರೆಗೂ ನೀರು ಉಳಿಯುತ್ತದೆ, ಇಳುವರಿ ತಗ್ಗುವುದಿಲ್ಲ. ನಿಂತ ನೀರಿನ ಕೆಳಗೆ ಗಾಳಿಯಾಡದ ಮಣ್ಣಿನಲ್ಲಿ ಹುಟ್ಟುವ ಮೀಥೇನ್ ಅನಿಲವೂ ಕಡಿಮೆಯಾಗುತ್ತದೆ.

ನಾನು ಮಳವಳ್ಳಿ ಕಡೆಯ ಮೂರು ಊರಿನಲ್ಲಿ ಒಪ್ಪಿದ ಹನ್ನೆರಡು ರೈತರನ್ನು ಆರಿಸಿಕೊಂಡೆ. ಎಲ್ಲಾ ಗದ್ದೆಗಳೂ ರಸ್ತೆ ಬದಿಯವು, ನೋಡಲು ಬರುವವರಿಗೆ ಅನುಕೂಲ ಅಂತ. ತಪ್ಪು ಶುರುವಾದದ್ದು ಅಲ್ಲೇ.

ಒಂದು ತಿಂಗಳಾದ ಮೇಲೆ ಒಬ್ಬ ಅಜ್ಜಿಯ ಗದ್ದೆಗೆ ಹೋದೆ. ಹಿಂದಿನ ದಿನ ಪೈಪಿನಲ್ಲಿ ನೀರು ಮಣ್ಣಿನಿಂದ ಐದಾರು ಸೆಂಟಿಮೀಟರ್ ಕೆಳಗಷ್ಟೇ ಇತ್ತು. ಇನ್ನೂ ನಾಲ್ಕೈದು ದಿನ ನೀರು ಬೇಡ ಅಂತ ಹೇಳಿ ಬಂದಿದ್ದೆ. ಹೋಗಿ ನೋಡಿದರೆ ಪೈಪು ಕುತ್ತಿಗೆವರೆಗೂ ಮುಳುಗಿದೆ. ‘ಯಾಕಜ್ಜಿ ನೀರು ಬಿಟ್ರಿ?’ ಅಂದೆ.

‘ನಾನೆಲ್ ಬುಟ್ನಪ್ಪಾ? ಮೇಲ್ಗದ್ದೆಯಿಂದ ಬತ್ತದೆ, ನನ್ ಗದ್ದೆ ದಾಟಿ ಕೆಳೀಕ್ ಓಯ್ತದೆ. ನಾನ್ ಅಡ್ಡ ಕಟ್ಟುದ್ರೆ ಕೆಳಗ್ನೋರು ಸುಮ್ಕಿದ್ದಾರಾ?’

ಎದ್ದು ನಿಂತು ಸುತ್ತ ನೋಡಿದೆ. ನಾಲೆಯಿಂದ ನೀರು ಬಿಡುವ ಒಂದು ತೂಬು. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು. ಬೇರೆ ಕಾಲುವೆ ಇಲ್ಲ, ಗದ್ದೆಯಿಂದ ಗದ್ದೆಗೆ ಮಡೆ ಕಡಿದು ನೀರು ಹಾಯುತ್ತದೆ. ಅಜ್ಜಿಯ ಗದ್ದೆ ನಡುವಿನದು. ಮಂಡ್ಯದಲ್ಲೇ ಹುಟ್ಟಿ ಬೆಳೆದವನು ನಾನು, ಇದನ್ನು ಸಾವಿರ ಸಲ ನೋಡಿದ್ದೇನೆ. ಆದರೂ ಯೋಜನೆಯ ಕಾಗದ ಕೈಗೆ ಬಂದಾಗ ಒಬ್ಬ ರೈತ, ಒಂದು ಗದ್ದೆ, ಒಂದು ಪೈಪು ಅಂತಲೇ ಯೋಚಿಸಿದ್ದೆ.

ಇನ್ನೊಂದು ಕಾರಣವನ್ನೂ ಅಜ್ಜಿಯೇ ಹೇಳಿದರು. ನಾಲೆಯ ನೀರು ಬರುವುದು ಕಟ್ಟು ಪದ್ಧತಿಯಲ್ಲಿ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗಕ್ಕೆ ಅದು ತಲುಪುವ ಹೊತ್ತಿಗೆ ಮುಗಿಯುವ ದಿನ ಹತ್ತಿರ ಬಂದಿರುತ್ತದೆ. ‘ಈ ಕಟ್ನಲ್ಲಿ ತಕೊಳ್ದೆ ಬುಟ್ರೆ ಮುಂದಿನ್ ಕಟ್ಟು ಬತ್ತದೆ ಅಂತ ನೀನ್ ಬರ್ಕೊಟ್ಟೀಯಾ?’ ಅಂತ ಕೇಳಿದರು. ಬರೆದುಕೊಡಲು ನನ್ನಿಂದ ಆಗುತ್ತಿರಲಿಲ್ಲ. ಗದ್ದೆಯಲ್ಲಿ ನೀರು ತುಂಬಿಟ್ಟುಕೊಳ್ಳುವುದನ್ನು ನಮ್ಮ ತರಬೇತಿಯಲ್ಲಿ ‘ಅಭ್ಯಾಸ’ ಅಂದಿದ್ದರು. 2023ನ್ನು ಕಂಡವರ ಲೆಕ್ಕದಲ್ಲಿ ಅದು ಆಪತ್ತಿಗೆ ಇಟ್ಟ ಗಂಟು.

ಆಮೇಲೆ ಹಳೆಯ ವರದಿಗಳನ್ನು ಕೂತು ಓದಿದೆ. ಮೊದಲೇ ಓದಬೇಕಿತ್ತು. ಬಾಂಗ್ಲಾದೇಶದಲ್ಲಿ ಬೋರೋ ಅನ್ನುವ ಮಳೆಯಿಲ್ಲದ ಹಂಗಾಮಿನ ಭತ್ತಕ್ಕೆ ಕೊಳವೆಬಾವಿ ನೀರು. ಎಷ್ಟೋ ಕಡೆ ರೈತರು ಪಂಪಿನ ಮಾಲೀಕನಿಗೆ ಇಡೀ ಹಂಗಾಮಿಗೆ ಇಷ್ಟು ಅಂತ ಒಟ್ಟಾಗಿ ಕೊಡುತ್ತಾರೆ. ನೀರು ಉಳಿಸಿದರೂ ರೈತನ ಜೇಬಿಗೆ ಏನೂ ಬರುವುದಿಲ್ಲ, ಉಳಿಯುವುದು ಮಾಲೀಕನ ಡೀಸೆಲ್. ಅಲ್ಲೂ ಈ ಪೈಪು ಹರಡಲು ಕಷ್ಟವಾದದ್ದು ಅದಕ್ಕೇ. ಫಿಲಿಪ್ಪೀನ್ಸ್‌ನ ಬೊಹೊಲ್ ದ್ವೀಪದಲ್ಲಿ ಹಾಗಾಗಲಿಲ್ಲ. ಅಲ್ಲಿ ನೀರಾವರಿ ಇಲಾಖೆಯೇ ಸರದಿಯನ್ನು ಈ ಪದ್ಧತಿಗೆ ಹೊಂದಿಸಿತು, ಮೊದಲು ನೀರು ಕಾಣದ ಕೊನೆ ಗದ್ದೆಗಳಿಗೂ ನೀರು ಹೋಯಿತು. ಎರಡೂ ಕಡೆ ಪೈಪು ಅದೇ. ತೂಬು ಯಾರ ಕೈಯಲ್ಲಿದೆ ಅನ್ನುವುದಷ್ಟೇ ಬೇರೆ.

ಮುಂದಿನ ಹಂಗಾಮಿಗೆ ರಸ್ತೆ ಬದಿ ಬಿಟ್ಟು ಒಂದೇ ತೂಬಿನ ಕೆಳಗಿನವರನ್ನೆಲ್ಲ ಕೂರಿಸಿದೆವು, ನೀರು ಹಂಚುವ ನೀರುಗಂಟಿಯೂ ಜೊತೆಗೆ. ಮೂರು ಸಂಜೆ ಮಾತು ಬರೀ ಹಳೇ ಜಗಳಗಳಲ್ಲೇ ಕಳೆಯಿತು. ನಾಲ್ಕನೆಯ ಸಂಜೆ, ಎಲ್ಲರ ಬದುವಿನ ಪಕ್ಕದಲ್ಲೂ ಒಂದು ಗುದ್ದಲಿ ಅಗಲದ ಕಾಲುವೆ ತೆಗೆಯುವ ಮಾತು ಬಂತು. ಅಷ್ಟು ಜಾಗ ಹೋದರೂ ಗದ್ದೆಯೊಳಗೆ ಹಾಯದೆ ನೀರು ಕೆಳಗೆ ಇಳಿಯುತ್ತದೆ. ಒಬ್ಬರು ಕೊನೆವರೆಗೂ ಒಪ್ಪಲಿಲ್ಲ. ಅವರ ಗದ್ದೆ ಬಿಟ್ಟು ಸುತ್ತಿಕೊಂಡು ಕಾಲುವೆ ಹೋಯಿತು.

ನಾನು ಯೋಚಿಸಿರದ ಒಂದು ಲಾಭ ಆಗ ಕಾಣಿಸಿತು. ತೂಬಿನ ಹತ್ತಿರದವರು ನಾಟಿ ಮುಗಿಸಿ ಎರಡು ಮೂರು ವಾರ ಆದ ಮೇಲೆಯೇ ಕೊನೆಯವರ ನಾಟಿ. ಅಂದರೆ ಮೇಲಿನ ಗದ್ದೆ ಆರಬಹುದಾದ ವಾರದಲ್ಲೇ ಕೆಳಗಿನವರಿಗೆ ಕೆಸರು ಮಾಡಲು ನೀರು ಬೇಕು. ಇದನ್ನು ಲೆಕ್ಕ ಹಾಕಿ ಹೇಳಿದವರು ನೀರುಗಂಟಿ. ಮೇಲೆ ಉಳಿದ ನೀರು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಿಗೆ ಕಂಡಾಗ ಮೇಲಿನವರ ಮಾತಿನ ಧಾಟಿಯೂ ಬದಲಾಯಿತು.

ಪೈಪು ಓದುವುದನ್ನೂ ನಾನು ಹೊಸದಾಗಿ ಕಲಿಯಬೇಕಾಯಿತು. ಒಂದು ಗದ್ದೆಯಲ್ಲಿ ರಾತ್ರಿ ಕಳೆಯುವುದರೊಳಗೆ ನೀರು ತಳ ಸೇರುತ್ತಿತ್ತು. ‘ಮರಳು ಮಣ್ಣು, ಇಂಗುವುದು ಹೆಚ್ಚು’ ಅಂತ ಪುಸ್ತಕದಲ್ಲಿ ಬರೆದುಕೊಂಡೆ. ಗದ್ದೆಯ ಯಜಮಾನರು ನನ್ನ ಮಾತು ಕೇಳಿ ಏನೂ ಅನ್ನಲಿಲ್ಲ. ಪಂಚೆ ಎತ್ತಿ ಕಟ್ಟಿ ಬದುವಿನ ಒಳಮಗ್ಗುಲಲ್ಲಿ ಪಾದ ಊರುತ್ತಾ ನಡೆದರು. ಒಂದು ಕಡೆ ಹೆಬ್ಬೆರಳು ಒಳಗೆ ಹೋಯಿತು. ಏಡಿ ಬಿಲ. ಮೊಣಕೈವರೆಗೂ ಕೈ ಹಾಕಿ ಆಳ ನೋಡಿ, ಹುಲ್ಲು ಸುತ್ತಿದ ಕೆಸರುಂಡೆ ತುರುಕಿ ಹಿಮ್ಮಡಿಯಿಂದ ತುಳಿದರು. ಮರುದಿನ ಪೈಪಿನಲ್ಲಿ ನೀರು ಅಲ್ಲಾಡಿರಲಿಲ್ಲ. ಈಗ ನೀರು ಬೇಗ ಇಳಿದರೆ ಮೊದಲು ಬದು ಸುತ್ತಿ ಬರುತ್ತೇನೆ, ಪುಸ್ತಕ ಆಮೇಲೆ.

ಇನ್ನೂ ಬಗೆಹರಿಯದ್ದು ಕಳೆ. ನಿಂತ ನೀರು ಕಳೆಯನ್ನು ಅದುಮಿಡುತ್ತದೆ. ನಾಟಿಯಾದ ಸ್ವಲ್ಪ ದಿನಕ್ಕೇ ಆರಲು ಬಿಟ್ಟರೆ ಹುಲ್ಲು ಎದ್ದು ನಿಲ್ಲುತ್ತದೆ. ಕಳೆ ಜಾಸ್ತಿಯಿದ್ದರೆ ಆರಲು ಬಿಡುವುದನ್ನು ಎರಡು ಮೂರು ವಾರ ಮುಂದೆ ಹಾಕಿ ಅಂತ ಸಂಶೋಧಕರೇ ಹೇಳುತ್ತಾರೆ. ಅದನ್ನು ಪಾಲಿಸಿದರೂ ನಮ್ಮಲ್ಲಿ ಕೆಲವು ಗದ್ದೆಗೆ ಒಂದು ಕಳೆ ಹೆಚ್ಚಿಗೆ ಕೀಳಿಸಬೇಕಾಯಿತು. ಕೂಲಿಯ ಹೆಂಗಸರಿಗೆ ಒಂದು ದಿನದ ದುಡಿಮೆ ಸಿಕ್ಕಿತು, ಗದ್ದೆಯವರಿಗೆ ಖರ್ಚು ಬಿತ್ತು. ಸ್ವಂತ ಗದ್ದೆಯಲ್ಲಿ ತಾವೇ ಕೀಳುವ ಹೆಣ್ಣುಮಕ್ಕಳಿಗೆ ದುಡ್ಡೂ ಇಲ್ಲ, ಬೆನ್ನು ನೋವು ಮಾತ್ರ. ನೀರು ಉಳಿದ ಲೆಕ್ಕ ಹೇಳುವಾಗ ಇದನ್ನು ಬಿಟ್ಟು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ವರದಿಯ ನಮೂನೆಯಲ್ಲಿ ಕಳೆ ಕೂಲಿಗೆ ಕಾಲಂ ಇರಲಿಲ್ಲ, ಕೊನೆ ಗದ್ದೆಗೆ ನೀರು ತಲುಪಿದ ದಿನಕ್ಕೂ ಇರಲಿಲ್ಲ. ಈ ಸಲ ಎರಡನ್ನೂ ಕೈಯಿಂದ ಗೆರೆ ಎಳೆದು ಸೇರಿಸಿ ಕಳಿಸಿದ್ದೇನೆ. ಪಕ್ಕದ ತೂಬಿನವರು ಬಂದು ಕಾಲುವೆ ನೋಡಿಕೊಂಡು ಹೋಗಿದ್ದಾರೆ. ಪೈಪು ಕೇಳಲಿಲ್ಲ. ಆ ನಾಲ್ಕು ಸಂಜೆ ಯಾರ ಮನೆ ಜಗುಲಿಯಲ್ಲಿ ಕೂತಿದ್ದಿರಿ, ಒಪ್ಪದವರನ್ನು ಏನು ಮಾಡಿದಿರಿ ಅಂತ ಕೇಳಿದರು.