ಗಾಯದ ಕತೆ ಎರಡನೇ ಸಲ ಬಂದಾಗ

ಮುಂಬಯಿ ಕನ್ನಡಿಗರ ಜೊತೆ ಕೂತು ಬ್ಯಾಟ್‌ಮ್ಯಾನ್ ಚಿತ್ರ ನೋಡಿದರೆ ಊರಿನಿಂದ ಬಂದವರಿಗೆ ಮೊದಲು ಗಾಬರಿಯಾಗುತ್ತದೆ. ಇಲ್ಲಿನವರು ಖಳನಿಗೆ ಚಪ್ಪಾಳೆ ತಟ್ಟುತ್ತಾರೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಜವಾಬ್ದಾರಿಯ ಕೆಲಸದಲ್ಲಿರುವವರು ಕೊಲೆಗಾರನೊಬ್ಬ ತೆರೆಗೆ ಬಂದಾಗ ಶಿಳ್ಳೆ ಹೊಡೆಯುವುದೇ ಎಂದು ಕೇಳುವವರಿದ್ದಾರೆ. ಹೊಡೆಯುತ್ತಾರೆ. ಆದರೆ ಅದು ಅವನ ಕೆಲಸಕ್ಕೆ ಸಲ್ಲುವ ಶಿಳ್ಳೆಯಲ್ಲ, ವೇಷಕ್ಕೆ ಸಲ್ಲುವುದು.

ಇದು ಯಕ್ಷಗಾನ ಕಲಿಸಿದ ಅಭ್ಯಾಸ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ಕಲಾವಿದರು ಮುಂಬಯಿಗೆ ಬಂದು ಆಟ, ತಾಳಮದ್ದಳೆ ನಡೆಸುವುದು ಇಲ್ಲಿ ಹಳೆಯ ರೂಢಿ. ತೆಂಕುತಿಟ್ಟಿನ, ಎಂದರೆ ತೆಂಕಣ ಶೈಲಿಯ ಯಕ್ಷಗಾನದ, ಬಣ್ಣದ ವೇಷಕ್ಕೆ (ರಕ್ಕಸ ಪಾತ್ರಕ್ಕೆ) ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಚಿಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಇಡಲು ಗಂಟೆಗಟ್ಟಲೆ ಹಿಡಿಯುತ್ತದೆ. ರಾಳದ ಬೆಂಕಿ ಭುಗ್ಗೆಂದು, ಚಂಡೆಯ ಅಬ್ಬರದ ನಡುವೆ ರಕ್ಕಸ ಆರ್ಭಟಿಸುತ್ತ ಬಂದಾಗ ಮಲಗಿದ್ದ ಮಕ್ಕಳೂ ಎದ್ದು ಕೂರುತ್ತವೆ. ದೇವರಿಗೂ ಸಿಗದ ಪ್ರವೇಶ ಅದು. ಹಾಗೆಂದು ಸಭೆಯಲ್ಲಿ ಯಾರೂ ಮಹಿಷಾಸುರನ ಪಕ್ಷ ಸೇರುವುದಿಲ್ಲ.

2008ರ ಬ್ಯಾಟ್‌ಮ್ಯಾನ್ ಚಿತ್ರ ‘ದಿ ಡಾರ್ಕ್ ನೈಟ್’ ಈ ಅಭ್ಯಾಸವನ್ನು ಎರಡು ಕಡೆ ಮುರಿಯುತ್ತದೆ. ಮೊದಲನೆಯದು ಬಣ್ಣ. ಅದರ ಖಳ ಜೋಕರನ ಮುಖಕ್ಕೆ ಬಳಿದ ಬಿಳಿ, ಕಪ್ಪು, ಕೆಂಪು ಚಿತ್ರ ಸಾಗಿದಂತೆ ಬೆವರಿ, ಕರಗಿ, ತೇಪೆ ತೇಪೆಯಾಗುತ್ತದೆ. ಪೊಲೀಸ್ ಠಾಣೆಯ ವಿಚಾರಣೆಯ ದೃಶ್ಯದಲ್ಲಿ ಹಣೆಯನ್ನು ಗಮನಿಸಿ, ಕೆಳಗಿನ ಚರ್ಮ ಕಾಣುತ್ತದೆ. ಅವನ ಪ್ರವೇಶಕ್ಕೆ ಚಂಡೆಯೂ ಇಲ್ಲ. ಒಂದೇ ಸ್ವರವನ್ನು ತಂತಿಯ ಮೇಲೆ ಎಳೆದೆಳೆದು ಕಿವಿಗೆ ಕಿರಿಕಿರಿ ಮಾಡುವ ಸದ್ದು, ಅಷ್ಟೆ. ಚಪ್ಪಾಳೆ ತಟ್ಟಲು ತಾಳವೇ ಸಿಗುವುದಿಲ್ಲ. ಆದರೂ ಬ್ಯಾಂಕ್ ದರೋಡೆಯ ಕೊನೆಯಲ್ಲಿ ಅವನು ಮುಖವಾಡ ತೆಗೆದಾಗ ಸದ್ದೇಳುತ್ತದೆ. ಅದರಲ್ಲಿ ಒಂದು ಪಾಲು ಆ ಪಾತ್ರ ಮಾಡಿದ ಹೀತ್ ಲೆಡ್ಜರ್‌ಗೆ ಸಲ್ಲಬೇಕಾದದ್ದು. ಅವರು ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದರು, ಚಿತ್ರ ಬಂದದ್ದು ಜುಲೈಯಲ್ಲಿ, ಆಸ್ಕರ್ ಮರುವರ್ಷ ಮರಣೋತ್ತರವಾಗಿ ಬಂತು.

ಎರಡನೆಯದು ಇನ್ನೂ ಆಳದ್ದು. ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ, ಬರೀ ಅರ್ಥಗಾರಿಕೆ, ಎಂದರೆ ಕೂತು ಪಾತ್ರದ ಪರವಾಗಿ ಆಡುವ ಮಾತು. ವಾಲಿಯೋ ಕೌರವನೋ ರಾವಣನೋ ತನ್ನ ನ್ಯಾಯವನ್ನು ಮಂಡಿಸಲೇಬೇಕು. ‘ಮರೆಯಲ್ಲಿ ನಿಂತು ಬಾಣ ಬಿಟ್ಟವನು ನೀನು’ ಎಂದು ವಾಲಿ ಕೇಳಿದಾಗ ರಾಮನ ಅರ್ಥಧಾರಿ ಬೆವರಬೇಕು, ಆಗಲೇ ಕೂಟ ರಂಗೇರುವುದು. ಹೀಗೆ ಪಳಗಿದ ಕಿವಿ ಯಾವ ಖಳನ ಬಾಯಿಂದಲೂ ಮೊದಲು ಕಾರಣವನ್ನು ನಿರೀಕ್ಷಿಸುತ್ತದೆ.

ಜೋಕರ್ ಕಾರಣ ಕೊಡುತ್ತಾನೆ. ಎದುರಾಳಿ ಗ್ಯಾಂಗಿನ ಯಜಮಾನನ ಬಾಯಿಗೆ ಚಾಕು ಇಟ್ಟು, ಕುಡುಕ ಅಪ್ಪ ತನ್ನ ಬಾಯಿ ಸೀಳಿದ ಕತೆ ಹೇಳುತ್ತಾನೆ. ಆಗ ಹಾಲ್‌ನಲ್ಲಿ ಒಂದು ಮೃದುತನ ಬರುತ್ತದೆ. ‘ಪಾಪ’ ಎಂಬ ಮಾತು ಅಕ್ಕಪಕ್ಕದಲ್ಲಿ ಮೆಲ್ಲಗೆ ಕೇಳಿಸುತ್ತದೆ. ಸ್ವಲ್ಪ ಹೊತ್ತಿನ ಬಳಿಕ, ಬ್ಯಾಟ್‌ಮ್ಯಾನ್ ವೇಷದೊಳಗಿನ ಸಿರಿವಂತ ಬ್ರೂಸ್ ವೇಯ್ನ್‌ನ ಮನೆಯ ಔತಣದಲ್ಲಿ ಅವನ ಬಾಲ್ಯದ ಗೆಳತಿ ರೇಚಲ್‌ಳನ್ನು ಹಿಡಿದು ಅದೇ ಗಾಯದ ಕತೆ ಶುರು ಮಾಡುತ್ತಾನೆ. ಈ ಸಲ ಅಪ್ಪ ಇಲ್ಲ, ಹೆಂಡತಿ ಇದ್ದಾಳೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಪ್ರೇಕ್ಷಕರ ಪ್ರತಿಕ್ರಿಯೆ ಅಳೆಯಬೇಕೆಂದರೆ ಕಾಯಬೇಕಾದ ಕ್ಷಣ ಇದೇ. ಕೊಟ್ಟ ಮರುಕ ವ್ಯರ್ಥವಾಯಿತೆಂದು ಗೊತ್ತಾದವರು ಕುರ್ಚಿಯಲ್ಲಿ ಹಿಂದಕ್ಕೆ ಸರಿಯುತ್ತಾರೆ. ಗಮನಿಸದವರು ಇನ್ನೊಮ್ಮೆ ‘ಪಾಪ’ ಎನ್ನುತ್ತಾರೆ. ಕೊನೆಯಲ್ಲಿ ಬ್ಯಾಟ್‌ಮ್ಯಾನ್‌ನ ಮುಂದೆ ಮೂರನೇ ಸಲ ಪೀಠಿಕೆ ಹಾಕಿದಾಗ ಅವನು ಕತೆ ಕೇಳುವುದೇ ಇಲ್ಲ. ಅಲ್ಲಿ ಬೀಳುವ ಚಪ್ಪಾಳೆಯೇ ನನ್ನ ಪ್ರಕಾರ ಇಡೀ ಚಿತ್ರದಲ್ಲಿ ಒಳಿತಿಗೆ ಸಲ್ಲುವ ಮೊದಲ ಪೂರ್ಣ ಚಪ್ಪಾಳೆ.

ಇದೇ ಖಳನ ಬಗ್ಗೆ ಬಂದ 2019ರ ‘ಜೋಕರ್’ ಚಿತ್ರ ಇದರ ತಿರುವು ಮುರುವು. ಅಲ್ಲಿ ಕಾರಣವೇ ಚಿತ್ರ. ಬಡತನ, ಕಾಯಿಲೆ, ಅವಮಾನ ಎಲ್ಲವನ್ನೂ ಬಿಡಿಬಿಡಿಯಾಗಿ ತೋರಿಸುವುದರಿಂದ ಮರುಕ ಕೊನೆಯವರೆಗೂ ಉಳಿಯುತ್ತದೆ, ಕೊಲೆಯಾದ ಮೇಲೂ. ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವ ಮುಂಚೆ ಪ್ರಮಾಣಪತ್ರ ನೋಡಿ. ‘ಎ’ ಎಂದಿದ್ದರೆ 18 ತುಂಬದವರಿಗೆ, ಅಪ್ಪ ಅಮ್ಮ ಜೊತೆಗಿದ್ದರೂ, ಪ್ರವೇಶವಿಲ್ಲ. ‘ಯುಎ’ ಈಗ 7, 13, 16 ಎಂದು ಮೂರು ಹಂತವಾಗಿದೆ.

‘ದಿ ಡಾರ್ಕ್ ನೈಟ್’ನಲ್ಲಿ ಜೋಕರ್ ಪೆನ್ಸಿಲ್ ಮಾಯ ಮಾಡುವ ದೃಶ್ಯದಲ್ಲಿ, ಎಂದರೆ ಮೇಜಿಗೆ ನೆಟ್ಟ ಪೆನ್ಸಿಲ್ ಮೇಲೆ ಒಬ್ಬನ ತಲೆ ಅಪ್ಪಳಿಸುವಾಗ, ಎಲ್ಲೆಡೆ ನಗು ಬರುತ್ತದೆ. ಕಾರಣ ಸಂಕಲನ. ಏಟು ಎಷ್ಟು ಬೇಗ ಮುಗಿಯುತ್ತದೆಂದರೆ ರಕ್ತ ಕಾಣುವುದಿಲ್ಲ, ಪೆನ್ಸಿಲ್ ಇಳಿದದ್ದೂ ಕಾಣುವುದಿಲ್ಲ. ಬುದ್ಧಿಗೆ ಅರ್ಥವಾಗುವ ಮುಂಚೆ ನಗು ಹೊರಬಿದ್ದಿರುತ್ತದೆ, ಆಮೇಲೆ ನಾಚಿಕೆ. ಇದನ್ನು ಕ್ರೌರ್ಯದ ಲಕ್ಷಣವೆಂದು ಓದಬೇಡಿ. ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರದರ್ಶನದಲ್ಲಿ ಬೇಗ ಓದುವವರು ಮಾತು ಮುಗಿಯುವ ಮೊದಲೇ ನಗುತ್ತಾರೆ, ಹಾಗಾಗಿ ನಗು ಎರಡು ಅಲೆಯಾಗಿ ಬರುತ್ತದೆ. ಹಿಂದಿ ಡಬ್ಬಿಂಗಿನಲ್ಲಿ ಖಳನ ಮಾತಿಗೆ ಇಲ್ಲಿನ ಭಾಯಿಗಳ ಧಾಟಿ ಬಂತೆಂದರೆ ನಗು ಇನ್ನೂ ಜಾಸ್ತಿ, ಭಯ ಅಷ್ಟು ಕಡಿಮೆ. ಪ್ರತಿಕ್ರಿಯೆಯನ್ನು ಹೋಲಿಸುವವರು ಯಾವ ಭಾಷೆಯ ಪ್ರದರ್ಶನ ಎಂಬುದನ್ನು ಬರೆದಿಟ್ಟುಕೊಳ್ಳದಿದ್ದರೆ ಲೆಕ್ಕ ತಪ್ಪುತ್ತದೆ.

ಇನ್ನು ಎರಡು ದೋಣಿಗಳ ದೃಶ್ಯ. ಒಂದರಲ್ಲಿ ಕೈದಿಗಳು, ಇನ್ನೊಂದರಲ್ಲಿ ಸಾಮಾನ್ಯ ನಾಗರಿಕರು. ಪ್ರತಿ ದೋಣಿಯಲ್ಲೂ ಮತ್ತೊಂದನ್ನು ಸ್ಫೋಟಿಸುವ ಗುಂಡಿ. ನಾಗರಿಕರು ಚೀಟಿ ಹಾಕಿ ಮತ ಎಣಿಸುತ್ತಾರೆ, ಬಹುಮತ ಒತ್ತಬೇಕೆಂಬುದಕ್ಕೇ ಬೀಳುತ್ತದೆ, ಆದರೆ ಒತ್ತುವ ಕೈ ಸಿಗುವುದಿಲ್ಲ. ಆಚೆ ದೋಣಿಯಲ್ಲಿ ದೈತ್ಯನಂಥ ಕೈದಿಯೊಬ್ಬ ಗುಂಡಿಯನ್ನು ಇಸಿದುಕೊಂಡು ಕಿಟಕಿಯಿಂದ ಹೊರಗೆ ಎಸೆಯುತ್ತಾನೆ. ಮುಂಬಯಿಯಲ್ಲಿ ಈ ಹೊತ್ತಿನ ಮೌನಕ್ಕೆ ಬೇರೆ ತೂಕವಿದೆ. 2006ರ ಜುಲೈ 11ರಂದು ಲೋಕಲ್ ರೈಲುಗಳಲ್ಲಿ ಏಳು ಬಾಂಬ್ ಸಿಡಿದ ಊರು ಇದು. ಚಿತ್ರ ಬಂದ ವರ್ಷವೇ ನವೆಂಬರ್ 26ರ ದಾಳಿಕೋರರು ಬಂದದ್ದು ಸಮುದ್ರದ ದಾರಿಯಲ್ಲಿ. ವಾರಸುದಾರರಿಲ್ಲದ ಚೀಲ ಮುಟ್ಟಬೇಡಿ ಎಂಬ ಘೋಷಣೆ ಕೇಳುತ್ತಲೇ ಓಡಾಡುವವರಿಗೆ ಆ ದೋಣಿ ಕಟ್ಟುಕತೆಯ ದೋಣಿಯಾಗಿ ಉಳಿಯುವುದಿಲ್ಲ. ಕೈದಿ ಗುಂಡಿ ಎಸೆದಾಗ ಚಪ್ಪಾಳೆಗಿಂತ ಮೊದಲು ಕೇಳಿಸುವುದು ಬಿಗಿಹಿಡಿದ ಉಸಿರು ಬಿಟ್ಟ ಸದ್ದು.

ಚಿತ್ರದ ಅವಧಿ 152 ನಿಮಿಷ, ಮೂಲದಲ್ಲಿ ಮಧ್ಯಂತರವಿಲ್ಲ. ಇಲ್ಲಿನ ಥಿಯೇಟರಿನವರು ಅರ್ಧದ ಹತ್ತಿರ, ಎಂದರೆ 76ನೇ ನಿಮಿಷದ ಆಸುಪಾಸಿನಲ್ಲಿ ದೀಪ ಹಾಕುತ್ತಾರೆ. ಬಿಗಿ ಕಟ್ಟುತ್ತಿರುವ ದೃಶ್ಯದ ನಡುವೆ ಕತ್ತರಿ ಬಿದ್ದರೆ ಸಮೋಸ ತಿಂದು ಬಂದವರಿಗೆ ಮತ್ತೆ ಆ ಬಿಗಿ ಹತ್ತಲು ಸಮಯ ಹಿಡಿಯುತ್ತದೆ. ಆ ಹತ್ತು ನಿಮಿಷಗಳ ಪ್ರತಿಕ್ರಿಯೆಯನ್ನು ಚಿತ್ರದ ತಲೆಗೆ ಕಟ್ಟಬಾರದು.

ಸಂಘದ ಗೆಳೆಯರು ಸೇರಿ ನೋಡಿ ಚರ್ಚಿಸುವುದಾದರೆ ಹತ್ತು ಹನ್ನೆರಡು ಜನ ಸಾಕು. ಸಂಘದ ಹಾಲ್‌ನಲ್ಲಿ ಯಾರದೋ ಒಟಿಟಿ ಖಾತೆಯಿಂದ ಪರದೆಗೆ ಹಾಕುವಂತಿಲ್ಲ, ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಬೇಕು. ಥಿಯೇಟರಿನಲ್ಲಿ ಮರುಪ್ರದರ್ಶನ ಸಿಕ್ಕರೆ ಅಲ್ಲಿಗೇ ಹೋಗಿ, ಮಧ್ಯದ ಸಾಲುಗಳಿಗಿಂತ ಸ್ವಲ್ಪ ಹಿಂದೆ ಕೂತರೆ ತೆರೆಯೂ ಸಭೆಯೂ ಕಾಣುತ್ತದೆ. ಮುಗಿದ ಕೂಡಲೇ, ಕಾಫಿಗೂ ಮುಂಚೆ, ಎಲ್ಲರಿಗೂ ಒಂದೊಂದು ಚೀಟಿ ಕೊಡಿ: ‘ದೋಣಿಯಲ್ಲಿದ್ದರೆ ಒತ್ತುತ್ತಿದ್ದಿರಾ?’ ಹೆಸರು ಬೇಡ. ಮಡಚಿ ಇಸಿದುಕೊಂಡ ಮೇಲೆ ಅದೇ ಪ್ರಶ್ನೆಗೆ ಕೈ ಎತ್ತಿಸಿ. ಚೀಟಿಗೂ ಕೈಗೂ ತಾಳೆಯಾಗದಿದ್ದರೆ ಮಾತು ಅಲ್ಲಿಂದಲೇ ಶುರುವಾಗಲಿ. ಈ ಕ್ರಮ ತಲೆಕೆಳಗಾದರೆ ಗಟ್ಟಿ ದನಿಯ ಇಬ್ಬರ ಅಭಿಪ್ರಾಯವೇ ಎಲ್ಲರದಾಗುತ್ತದೆ. ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ಭಾನುವಾರ ಬೆಳಿಗ್ಗೆ ಕೂರಬೇಡಿ, ಹೊರಗೆ ಹೆಸರು ಬರೆಸಿ ನಿಂತವರ ಸಾಲು ಇರುತ್ತದೆ. ಮಧ್ಯಾಹ್ನ ಮೂರರ ಮೇಲೆ ಒಂದು ಮೇಜು ಹಿಡಿದರೆ ಒಂದಿಷ್ಟು ಹೊತ್ತು ಮಾತಾಡಬಹುದು.

ಅತಿ ಬಿಸಿ ಏರುವ ಚರ್ಚೆ, ಊರು ನಂಬಿದ್ದ ಸರ್ಕಾರಿ ವಕೀಲ ಹಾರ್ವಿ ಡೆಂಟ್‌ನ ಬಗ್ಗೆ. ಅವನ ಕಾರಣ ಸುಳ್ಳಲ್ಲ: ಪ್ರೀತಿಸಿದ ರೇಚಲ್ ಸತ್ತಳು, ಮುಖ ಅರ್ಧ ಸುಟ್ಟಿತು. ಎರಡೂ ಕಡೆ ಒಂದೇ ಮುಖವಿದ್ದ ನಾಣ್ಯ ಒಂದು ಕಡೆ ಕಪ್ಪಾದ ಮೇಲೆ ನ್ಯಾಯ ಅವನ ಕೈಯಲ್ಲಿ ಬರೀ ಚಿಮ್ಮುವ ಆಟವಾಯಿತು. ಅವನು ಮಾಡಿದ ಕೊಲೆಗಳನ್ನು ಬ್ಯಾಟ್‌ಮ್ಯಾನ್ ತನ್ನ ಮೇಲೆ ಹೊತ್ತುಕೊಂಡು ಓಡುತ್ತಾನೆ, ಊರಿಗೆ ಒಬ್ಬ ಒಳ್ಳೆಯವನ ನಂಬಿಕೆ ಉಳಿಯಲಿ ಎಂದು. ಇದನ್ನು ತ್ಯಾಗವೆಂದು ಕಣ್ಣೊರೆಸಿಕೊಳ್ಳುವವರ ಪಕ್ಕದಲ್ಲೇ ‘ಅಶ್ವತ್ಥಾಮ ಸತ್ತ ಎಂದ ಧರ್ಮರಾಯನ ರಥ ನೆಲಕ್ಕಿಳಿಯಲಿಲ್ಲವೇ’ ಎಂದು ಕೇಳುವವರು ಇದ್ದೇ ಇರುತ್ತಾರೆ. ನಾನು ಎರಡನೆಯವರ ಕಡೆ. ಊರನ್ನು ನಂಬಿಸಲು ಊರಿಗೇ ಸುಳ್ಳು ಹೇಳಿದರೆ ದೋಣಿಯಲ್ಲಿ ಗುಂಡಿ ಒತ್ತದ ಜನರಿಗೆ ಮಾಡಿದ ಅವಮಾನ ಅದು. ಅವರಿಗೆ ಯಾವ ನಾಯಕನ ಕತೆಯೂ ಬೇಕಾಗಿರಲಿಲ್ಲ.

ರಾತ್ರಿ ಹತ್ತರ ಪ್ರದರ್ಶನಕ್ಕೆ ಹೋಗುವವರು ಜಾಹೀರಾತು, ಮಧ್ಯಂತರ ಸೇರಿಸಿ ಲೆಕ್ಕ ಹಾಕಿ: ಹೊರಬರುವಾಗ ಒಂದು ಗಂಟೆ ದಾಟಿರುತ್ತದೆ, ಅಷ್ಟರಲ್ಲಿ ಕೊನೆಯ ಲೋಕಲ್ ಹೋಗಿರಬಹುದು. ಏಳರ ಪ್ರದರ್ಶನಕ್ಕೆ ಟಿಕೆಟ್ ತೆಗೆಯಿರಿ. ಮಾತಿಗೆ ಪ್ಲಾಟ್‌ಫಾರ್ಮಿನಲ್ಲೂ ಸಮಯ ಸಿಗುತ್ತದೆ.