ಬಟ್ಟೆ ಕ್ಲಿಪ್ಪು, ಹಲಸಿನ ಹಲಗೆ, ಒಂದು ಗಿಟಾರು

ಕಳೆದ ವರ್ಷ ಜೂನ್ ತಿಂಗಳ ಒಂದು ಬೆಳಿಗ್ಗೆ ಅಮ್ಮ ಬಟ್ಟೆ ಕ್ಲಿಪ್ಪು ಹುಡುಕುತ್ತಾ ಮನೆಯಿಡೀ ಸುತ್ತಿದಳು. ಹೊರಗೆ ಜಡಿಮಳೆ. ಜಗುಲಿಯ ಹಗ್ಗದಲ್ಲಿ ಹಾಕಿದ ಬಟ್ಟೆ ಗಾಳಿಗೆ ಹಾರಿ ಅಂಗಳಕ್ಕೆ ಬೀಳ್ತಾ ಇದೆ, ಮನೆಯಲ್ಲಿ ಒಂದೇ ಒಂದು ಕ್ಲಿಪ್ಪಿಲ್ಲ. ಕೊನೆಗೆ ಕೊಟ್ಟಿಗೆ ಪಕ್ಕದ ನನ್ನ ಕೋಣೆಗೆ ಬಂದು ನೋಡಿದರೆ 80 ಕ್ಲಿಪ್ಪೂ ಅಲ್ಲಿವೆ, ಸೊಂಟ ಇರುವ ಒಂದು ಮರದ ಚೌಕಟ್ಟಿನ ಸುತ್ತ ಮುಳ್ಳುಹಂದಿಯ ಮುಳ್ಳಿನ ಹಾಗೆ ಎದ್ದು ನಿಂತಿವೆ.

“ಎಂತ ಮಾರಾಯ ಇದು?”

“ಗಿಟಾರು.”

“ಗಿಟಾರಿಗೆ ಕ್ಲಿಪ್ಪು ಯಾಕೆ?”

ಯಾಕೆ ಅಂದರೆ, ಗಿಟಾರಿನ ಪಕ್ಕದ ಹಲಗೆ ಬರೀ 2 ಮಿಲಿಮೀಟರ್ ದಪ್ಪ. ಅದರ ಅಂಚಿನ ಮೇಲೆ ಮುಂಬದಿಯ ಹಲಗೆ ಕೂರಿಸಿದರೆ ಅಂಟು ಹಿಡಿಯಲು ಜಾಗವೇ ಇಲ್ಲ. ಅದಕ್ಕೆ ಒಳಗಡೆ ಅಂಚಿನುದ್ದಕ್ಕೂ ಸಣ್ಣದೊಂದು ಮರದ ಪಟ್ಟಿ ಅಂಟಿಸಬೇಕು, ಅದು ಬಾಗಲಿ ಅಂತ ಪಟ್ಟಿಗೆ ಒತ್ತೊತ್ತಾಗಿ ಗರಗಸದ ಗೆರೆ ಹಾಕಬೇಕು, ಅಂಟು ಒಣಗುವವರೆಗೆ ಇಂಚಿಂಚಿಗೂ ಒತ್ತಿ ಹಿಡಿಯಬೇಕು. ಅಷ್ಟು ಕ್ಲಾಂಪು ತರಲು ಮಾಷ್ಟ್ರ ಸಂಬಳ ಎಲ್ಲಿ ಸಾಕಾಗ್ತದೆ?

ನಾನು ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಮಕ್ಕಳಿಗೆ ಲೆಕ್ಕ ಕಲಿಸುವವನು. ಮರಗೆಲಸ ಗೊತ್ತಿರಲಿಲ್ಲ. ಗಿಟಾರು ನುಡಿಸುವುದೂ ಅಷ್ಟಕ್ಕಷ್ಟೆ. ಹಳೆ ಮನೆ ಕೆಡವಿದಾಗ ಅಟ್ಟದಿಂದ ಒಂದು ಹಲಸಿನ ಹಲಗೆ ಇಳಿಸಿದೆವು, ಅಜ್ಜನ ಕಾಲದ್ದು. ಅಡುಗೆ ಒಲೆಯ ನೇರ ಮೇಲೆ ಹೊಗೆ ಕುಡಿದು ಕುಡಿದು ಕಪ್ಪಾಗಿತ್ತು. ಸುಮ್ನೆ ಕೀಸುಳಿ ಎರಡು ಸಲ ಎಳೆದು ನೋಡಿದೆ, ಒಳಗೆ ಅರಸಿನ ಬಣ್ಣ. ಬೆರಳಲ್ಲಿ ಬಡಿದರೆ ಟಣ್ ಅನ್ನುತ್ತದೆ. ಚೆಂಡೆಗೆ ಹಲಸು, ವೀಣೆಗೆ ಹಲಸು, ಗಿಟಾರಿಗೆ ಯಾಕಾಗಬಾರದು ಅಂತ ಹುಳ ಹೊಕ್ಕಿದ್ದು ಆಗ.

ಗಿಟಾರಿನ ಹಿಂಬದಿಗೂ ಪಕ್ಕಕ್ಕೂ ಹೆಸರಾದ ಮರ ಬೀಟಿ. ಅಮೆರಿಕದ ಮಾರ್ಟಿನ್ ಕಂಪೆನಿಯವರು 1969ರಲ್ಲಿ ಬ್ರೆಜಿಲ್ ಬೀಟಿ ಬಿಟ್ಟು ನಮ್ಮ ಕಡೆಯ ಬೀಟಿಗೆ ಬಂದವರು. ಆದರೆ ಬೀಟಿಯ ರೇಟು ಕೇಳಿ ನಾನು ಮಿಲ್ಲಿನಿಂದ ಎದ್ದು ಬಂದೆ, ಬೆರಳೊತ್ತುವ ಪಟ್ಟಿಗೆ ಮತ್ತು ತಂತಿಯ ಬುಡ ಸಿಕ್ಕಿಸುವ ಬ್ರಿಡ್ಜಿಗೆ ಬೇಕಾದ ಎರಡು ತುಂಡು ಮಾತ್ರ ತಂದೆ. ಧೈರ್ಯ ಕೊಟ್ಟವನು ಸ್ಪೇನಿನಲ್ಲಿ ಗಿಟಾರು ಕಟ್ಟುತ್ತಿದ್ದ ಟೋರೆಸ್. ಸ್ವರ ಬರುವುದು ಮುಂಬದಿಯ ಹಲಗೆಯಿಂದ ಅಂತ ತೋರಿಸಲು ಆ ಮನುಷ್ಯ 1862ರಲ್ಲಿ ಹಿಂಬದಿ, ಪಕ್ಕ ಎರಡನ್ನೂ ಕಾಗದದ ರಟ್ಟಿನಲ್ಲೇ ಮಾಡಿ ಒಂದು ಗಿಟಾರು ಕಟ್ಟಿದ್ದ! ರಟ್ಟು ಆಗ್ತದಾದರೆ ಅಜ್ಜನ ಹಲಸು ಧಾರಾಳ ಆಗ್ತದೆ ಅಲ್ವಾ? ಮುಂಬದಿಗೆ ಸ್ಪ್ರೂಸ್ ಹಲಗೆಯನ್ನು ಆನ್‌ಲೈನಲ್ಲಿ ತರಿಸಿದೆ, ಗಿಟಾರಿನ ಕುತ್ತಿಗೆಗೆ ಮಹಾಗನಿ.

ಪಕ್ಕದ ಹಲಗೆ ಬಗ್ಗಿಸುವುದು ಹೆದರಿಕೆಯ ಕೆಲಸ. ಕಬ್ಬಿಣದ ಪೈಪಿನೊಳಗೆ ಬೆಂಕಿ ಬಿಟ್ಟು ಕಾಯಿಸಿ, ನೀರು ಚಿಮುಕಿಸಿದ ಹಲಗೆಯನ್ನು ಅದರ ಮೇಲೆ ಒತ್ತಬೇಕು. ಮೊದಲು ಚುಂಯ್ ಅಂತ ಆವಿ. ಮರ ಹಟ ಹಿಡಿದ ಮಗುವಿನ ಹಾಗೆ ಸೆಟೆದು ನಿಲ್ಲುತ್ತದೆ. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಕೈಗೆ ಗೊತ್ತಾಗುತ್ತದೆ, ಒಳಗೆ ಏನೋ ಸಡಿಲ ಆಯಿತು, ಹಲಗೆ ಬೆಂದ ಪತ್ರೊಡೆಯಷ್ಟು ಮೆತ್ತಗೆ ಬಾಗಿತು. ಆ ಗಳಿಗೆಗೆ ಮುಂಚೆ ಒತ್ತಿದರೆ ಟಪ್. ನನ್ನದು ಮೊದಲನೆಯದು ಸೊಂಟದಲ್ಲೇ ಟಪ್ ಅಂದಿತು. ಎರಡನೆಯದೂ. ಹಲಗೆ ಉದ್ದ ಇದ್ದದ್ದು ನನ್ನ ಪುಣ್ಯ.

ಮುಂಬದಿಯ ಹಲಗೆ ಬಂದಾಗ 4 ಮಿಲಿಮೀಟರ್ ಇತ್ತು. ಅದನ್ನು 2.8ರ ಹತ್ತಿರ ಇಳಿಸಬೇಕು. ಕೀಸುವುದು, ಕಿವಿ ಹತ್ತಿರ ಹಿಡಿದು ಬಡಿಯುವುದು, ಮತ್ತೆ ಕೀಸುವುದು. ಎಷ್ಟಕ್ಕೆ ನಿಲ್ಲಿಸಬೇಕು ಅಂತ ಗೊತ್ತಾಗದೆ ಕೂತಿದ್ದಾಗ ಅಮ್ಮ ಬಂದು, ಹಲಸಿನಕಾಯಿ ಬಲಿಯಿತಾ ಅಂತ ನೋಡುವ ಹಾಗೆಯೇ ಬೆರಳ ಗಂಟಿನಿಂದ ಎರಡು ಪೆಟ್ಟು ಕೊಟ್ಟು, “ಇನ್ನೂ ಆಗಲಿಲ್ಲ, ಮುಚ್ಚಿದ ಹಾಗೆ ಕೇಳ್ತದೆ” ಅಂದಳು. ನಾಲ್ಕು ದಿನ ಬಿಟ್ಟು ಮತ್ತೆ ಬಡಿದು, “ಈಗ ಸಾಕು.” ಕ್ಯಾಲಿಪರ್ ಇಟ್ಟು ನೋಡಿದೆ, 2.7. ನಾನೇನೂ ಹೇಳಲಿಲ್ಲ, ಹೇಳಿದರೆ ಊರಿಗೆಲ್ಲ ಹೇಳಿಕೊಂಡು ಬರ್ತಾಳೆ.

ದೊಡ್ಡ ತಪ್ಪು ಮಾಡಿದ್ದು ಜುಲೈಯಲ್ಲಿ. ರಜೆ ಸಿಕ್ಕಿತು ಅಂತ ಆ ಮಳೆಯಲ್ಲೇ ಮುಂಬದಿಯ ಒಳಗೆ ಎಕ್ಸ್ ಆಕಾರದ ಪಟ್ಟಿಗಳನ್ನು ಅಂಟಿಸಿಬಿಟ್ಟೆ. ಗಾಳಿಯ ತೇವ ಅಳೆಯುವ ಮೀಟರು ಶೇಕಡಾ 90 ತೋರಿಸ್ತಾ ಇತ್ತು. ಗಿಟಾರು ಮಾಡುವವರು 45ರಿಂದ 50ರಲ್ಲಿ ಅಂಟಿಸಿ ಅನ್ನುತ್ತಾರೆ, ಅದು ಚಳಿದೇಶದವರ ಮಾತು ಅಂತ ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಮರ ಒಣಗುವಾಗ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಇಲ್ಲ. ಜನವರಿಗೆ ಹಲಗೆ ಕುಗ್ಗಿತು, ಅಡ್ಡ ಅಂಟಿದ ಪಟ್ಟಿ ಕುಗ್ಗಲಿಲ್ಲ, ಇಡೀ ಮುಂಬದಿ ಊಟದ ಬಟ್ಟಲಿನ ಹಾಗೆ ಒಳಕ್ಕೆ ಕುಸಿಯಿತು. ಎಲ್ಲ ಪಟ್ಟಿ ಕಿತ್ತು, ಹಲಗೆಯನ್ನು 60 ವಾಟಿನ ಬಲ್ಬು ಉರಿಯುವ ಹಳೆ ಕಪಾಟಿನಲ್ಲಿ ಒಂದು ತಿಂಗಳು ಇಟ್ಟು, ಮತ್ತೆ ಮೊದಲಿನಿಂದ ಅಂಟಿಸಿದೆ. ಪಾಲಿಶಿನ ಕತೆ ಹೇಳುವುದಿಲ್ಲ, ಅರಗು, ಸ್ಪಿರಿಟ್ಟು, ಭುಜದ ನೋವು, ಅಷ್ಟೆ.

ಫ್ರೆಟ್ಟಿನ, ಅಂದರೆ ಬೆರಳೊತ್ತುವ ಪಟ್ಟಿಯ ಮೇಲೆ ಅಡ್ಡಕ್ಕೆ ಕೂರಿಸುವ ಲೋಹದ ಸರಿಗೆಗಳ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಕೊಬ್ಬು ಇತ್ತು. ವೀಣೆಯ ಮೆಟ್ಟಿಲನ್ನು ಮೇಣದಲ್ಲಿ ಕೂರಿಸಿ ಕಿವಿಯಿಂದ ಸರಿಮಾಡುತ್ತಾರೆ, ಗಿಟಾರಿನದ್ದು ಪೂರ್ತಿ ಲೆಕ್ಕ. ತಂತಿಯ ಉದ್ದ 645 ಮಿಲಿಮೀಟರ್ ಇಟ್ಟುಕೊಂಡೆ. ಅದನ್ನು ಗಿಟಾರು ಮಾಡುವವರ ಲೆಕ್ಕದ ಸಂಖ್ಯೆ 17.817ರಿಂದ ಭಾಗಿಸಿದರೆ 36.2, ಅಲ್ಲಿ ಮೊದಲ ಫ್ರೆಟ್ಟು. ಉಳಿದದ್ದನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. ಹೀಗೆ ಹೋದರೆ 12ನೆಯದು ಸರಿಯಾಗಿ ಅರ್ಧದಲ್ಲಿ, 322.5ರಲ್ಲಿ ಬಂದು ಕೂರುತ್ತದೆ. ಎಂಟನೇ ಕ್ಲಾಸಿನ ಮಕ್ಕಳಿಂದಲೂ ಮಾಡಿಸಿದೆ. ಬ್ರಿಡ್ಜಿನಲ್ಲಿ ತಂತಿಗೆ ಆಧಾರ ಕೊಡುವ ಮೂಳೆಯ ಪಟ್ಟಿ ಕೂರುವ ಕಚ್ಚನ್ನು 645ಕ್ಕೆ, ಕೂದಲೆಳೆ ಆಚೀಚೆ ಆಗದ ಹಾಗೆ, ನೇರ ಕೊರೆದೆ.

ಮೇ ಕೊನೆಯ ಭಾನುವಾರ ತಂತಿ ಹಾಕಿದೆ. ನೋಡಲು ಪಕ್ಕದ ಮನೆಯ ಆಚಾರ್ರು ಬಂದಿದ್ದರು, ಅವರ ಉಳಿಗಳಿಂದಲೇ ನನ್ನ ಅರ್ಧ ಕೆಲಸ ಆದದ್ದು. ಉಕ್ಕಿನ ಆರು ತಂತಿ ಬಿಗಿದರೆ ಒಟ್ಟು ಎಳೆತ ಸುಮಾರು 70 ಕಿಲೋ. ಅಂದರೆ ಒಂದೂವರೆ ಗೋಣಿ ಅಕ್ಕಿ, 2.7 ಮಿಲಿಮೀಟರಿನ ಹಲಗೆಯ ಮೇಲೆ. ಒಂದೊಂದು ಸುತ್ತಿಗೂ ಎಲ್ಲಿಂದಲೋ ಟಿಕ್ ಅನ್ನುತ್ತದೆ, ನನ್ನ ಹೊಟ್ಟೆಯಲ್ಲೂ ಟಿಕ್ ಅನ್ನುತ್ತದೆ. ಏನೂ ಒಡೆಯಲಿಲ್ಲ. ಬಿಟ್ಟ ತಂತಿ ಮೀಟಿದೆ. ಎದೆಗೆ ತಾಗಿ ನಡುಗಿತು, ದಪ್ಪ ಸ್ವರ. ಆಚಾರ್ರು ತಲೆಯಾಡಿಸಿದರು.

ಆಮೇಲೆ 12ನೇ ಫ್ರೆಟ್ಟು ಒತ್ತಿ ಮೀಟಿದೆ. ಸ್ವರ ಅಳೆಯುವ ಮೊಬೈಲಿನ ಟ್ಯೂನರ್ ಮುಳ್ಳು ಬಲಕ್ಕೆ ಹಾರಿತು, ಅಂದರೆ ಸ್ವರ ಏರಿದೆ. ದಪ್ಪ ತಂತಿಗೆ ಇನ್ನೂ ಜಾಸ್ತಿ. ಬೆವರು ಬಂತು. ಲೆಕ್ಕ ಮೂರು ಸಲ ನೋಡಿದೆ, ಸರಿಯಾಗಿಯೇ ಇದೆ. ರಾತ್ರಿ ಹೊಳೆಯಿತು. ಬೆರಳಿನಿಂದ ಒತ್ತಿದಾಗ ತಂತಿ ಫ್ರೆಟ್ಟಿಗೆ ಬಾಗುತ್ತದೆ, ಬಾಗಿದರೆ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಅದನ್ನು ಸರಿದೂಗಿಸಲು ಮೂಳೆಯ ಪಟ್ಟಿಯನ್ನು ಸಣ್ಣ ತಂತಿಯ ಕಡೆ ಸುಮಾರು 2, ದಪ್ಪ ತಂತಿಯ ಕಡೆ ಸುಮಾರು 4 ಮಿಲಿಮೀಟರ್ ಹಿಂದೆ ಸರಿಸಬೇಕು. ಉಕ್ಕಿನ ತಂತಿಯ ಗಿಟಾರುಗಳಲ್ಲಿ ಅದು ಓರೆ ಇರುವುದು ಅದಕ್ಕೇ. ಇಷ್ಟು ವರ್ಷ ನೋಡಿದ್ದೇನೆ, ಯಾಕೆ ಓರೆ ಅಂತ ಒಮ್ಮೆಯೂ ಕೇಳಿಕೊಂಡಿಲ್ಲ.

ಬ್ರಿಡ್ಜು ಕಿತ್ತು ಹೊಸತು ಮಾಡುವುದೇ ಅಂತ ಮರುದಿನ ಆಚಾರ್ರ ಹತ್ತಿರ ಅಲವತ್ತುಕೊಂಡೆ. “ಬಾಗಿಲು ಓರೆ ಆಯಿತು ಅಂತ ಯಾರಾದರೂ ಮನೆ ಕೆಡವುತ್ತಾರಾ ಮಾಷ್ಟ್ರೇ?” ಅಂದರು. ನನ್ನ ಕಸದ ಡಬ್ಬಿಯಿಂದಲೇ ಒಂದು ಬೀಟಿ ಚೂರು ಹೆಕ್ಕಿ, ಕಚ್ಚಿಗೆ ಸರಿಯಾಗಿ ಕೀಸಿ, ಅಂಟು ಹಾಕಿ ತುಂಬಿದರು. ಅದು ಒಣಗಿದ ಮೇಲೆ ನಾನು ಹಿಂದಕ್ಕೆ, ಓರೆಯಾಗಿ ಹೊಸ ಕಚ್ಚು ಕೊರೆದೆ. ಹಳೆಯ ಗೆರೆ ಹತ್ತಿರ ಹೋದರೆ ಈಗಲೂ ಕಾಣುತ್ತದೆ, ಒಂದು ತುದಿಯಲ್ಲಿ ಹೊಸದರ ಜೊತೆ ಸೇರಿ ಇನ್ನೊಂದು ತುದಿಗೆ ಅಗಲವಾಗುತ್ತಾ ಹೋಗುತ್ತದೆ. ಮುಳ್ಳು ಮಾತ್ರ ನಡುವಿಗೆ ಬಂತು.

ಅವತ್ತು ನಿದ್ದೆ ಎಲ್ಲಿ ಬರ್ತದೆ? ಎರಡು ಗಂಟೆಗೆ ಎದ್ದು, ಬ್ರಿಡ್ಜು ಎದ್ದು ಬಂದಿದೆಯಾ ಅಂತ ಟಾರ್ಚು ಹಿಡಿದು ನೋಡಿದೆ. ಇಲ್ಲ. ತಂತಿಗಳೆಲ್ಲ ಸ್ವಲ್ಪ ಇಳಿದಿದ್ದವು, ಹೊಸದರಲ್ಲಿ ಹಾಗೆಯೇ. ಒಂದನ್ನು ಮೆಲ್ಲ ಮೀಟಿದೆ.

“ಎಂತ ಅದು, ಹೆಗ್ಗಣವಾ?” ಅಮ್ಮ ಕೋಣೆಯಿಂದಲೇ ಕೇಳಿದಳು.

“ಅಲ್ಲ, ಗಿಟಾರು.”

ಹೊರಗೆ ಹಂಚಿನ ಮೇಲೆ ಮೊದಲ ಮಳೆ ಹನಿ ಶುರುವಾಗಿತ್ತು.

“ಕಪಾಟಿನೊಳಗಿಟ್ಟು ಬಲ್ಬು ಹಾಕು ಮತ್ತೆ, ತೇವ ತಾಗ್ತದೆ.”